ಅಪ್‌ಡೇಟ್: ಸಾಲ ಇಳಿಸಿಕೊಡುವ ಜಾಲತಾಣಕ್ಕೆ ಶುಲ್ಕ ಕಟ್ಟಲಿಲ್ಲ
ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ ಎನ್ನುವ ಜಾಲತಾಣವೊಂದನ್ನು ನಂಬಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿಮ್ಮಲ್ಲಿ ಕೆಲವರು ಹೇಳಿದಂತೆ ಅವರ ಕಚೇರಿಯ ವಿಳಾಸ ಕೇಳಿದಾಗ, ಉತ್ತರದ ಬದಲು ‘ಇವತ್ತೇ ಶುಲ್ಕ ಕಟ್ಟಿ, ಬ್ಯಾಂಕಿನವರ ಫೋನ್ ಎತ್ತಬೇಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂತು; ಅದರ ಕೆಳಗೆ ಯಾರದೋ ಖಾಸಗಿ ಹೆಸರಿನ ಕ್ಯೂಆರ್ ಕೋಡ್ ಇತ್ತು. ಸಾಲಮನ್ನಾದ ಆಮಿಷ ಒಡ್ಡಿ ಶುಲ್ಕ ಪಡೆಯುವವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತೆಂಬುದು ಆಮೇಲೆ ತಿಳಿಯಿತು. ಕೊನೆಗೆ ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಬ್ಯಾಂಕ್ ಶಾಖೆಗೆ ನಾನೇ ಹೋಗಿ (ನಾಚಿಕೆಯಿಂದ ಎರಡು ಬಾರಿ ಮೆಟ್ಟಿಲಿನಿಂದಲೇ ಮರಳಿದ್ದೆ) ಮಾತಾಡಿದಾಗ, ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಲು ಒಪ್ಪಿದರು. ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡರೆ ಸಿಬಿಲ್ ವರದಿಯಲ್ಲಿ (ನಮ್ಮ ಸಾಲ ಮರುಪಾವತಿಯ ಇತಿಹಾಸ ತೋರಿಸುವ ದಾಖಲೆ) ‘ಸೆಟಲ್ಡ್’ ಎಂದು ದಾಖಲಾಗಿ ಮುಂದಿನ ಸಾಲಕ್ಕೆ ತೊಡಕಾಗಬಹುದು ಎಂಬುದನ್ನು ಆ ಜಾಲತಾಣ ಎಲ್ಲಿಯೂ ಹೇಳಿರಲಿಲ್ಲ. ಮೊದಲ ಕಂತು ಬರುವ 5ನೇ ತಾರೀಕಿಗೆ.