ಪಲ್ಲವಿ, ಪೂರ್ತಿ ದುಡ್ಡು ಮೊದಲೇ ಕೊಡಬೇಡ

ಪಲ್ಲವಿ, ನಿನ್ನ ಮೆಸೇಜ್ ಈಗ ನೋಡಿದೆ ಪುಟ್ಟಾ. ಕನ್ನಡಕ ಸಿಗಲಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಗೃಹಪ್ರವೇಶದ ಅಡಿಗೆ, ಬಡಿಸುವುದು, ಶಾಮಿಯಾನ ಎಲ್ಲಾ ಒಬ್ಬರಿಗೇ ಕಂಟ್ರಾಕ್ಟ್ ಕೊಡಲಾ, ಪೂರ್ತಿ ದುಡ್ಡು ಮೊದಲೇ ಕೊಟ್ಟರೆ ಕಡಿಮೆ ಮಾಡಿಕೊಳ್ಳುತ್ತಾರಂತೆ, ಆದರೂ ಭಯ ಅಂದಿದ್ದೀಯ. ಕೊಡು, ತಪ್ಪೇನಿಲ್ಲ. ಸೀತೆಯನ್ನು ಹುಡುಕುವ ಕೆಲಸವನ್ನು ರಾಮನೂ ಹೊರಗಿನವರಿಗೇ ವಹಿಸಿದ್ದು, ಅಲ್ವಾ? ಆದರೆ ಪೂರ್ತಿ ದುಡ್ಡು ಮಾತ್ರ ಮೊದಲೇ ಕೊಡಬೇಡ.

ರಾಮ ಏನು ಮಾಡಿದ ನೋಡು. ವಾಲಿಯನ್ನು ಕೊಂದು ಸುಗ್ರೀವನಿಗೆ ರಾಜ್ಯ ಕೊಡಿಸಿದ. ಅಂದರೆ ಕೂಲಿ ಪೂರ್ತಿ ಮೊದಲೇ ಸಂದಾಯ. ಆಮೇಲೆ ಮಳೆಗಾಲದ ನಾಲ್ಕು ತಿಂಗಳು ಬೆಟ್ಟದ ಮೇಲೆ ಕಾದ. ಹಂಪಿಗೆ ಹೋದಾಗ ತೋರಿಸಿದ್ದೆನಲ್ಲ, ಮಾಲ್ಯವಂತ ಬೆಟ್ಟ, ಅಲ್ಲೇ ಅನ್ನುತ್ತಾರೆ. ಮಳೆ ನಿಂತರೂ ಸುಗ್ರೀವನ ಸುದ್ದಿ ಇಲ್ಲ. ಕುಡಿದು ಅಂತಃಪುರದಲ್ಲಿ ಮೈಮರೆತಿದ್ದ. ಲಕ್ಷ್ಮಣ ಕೋಪದಿಂದ ಕಿಷ್ಕಿಂಧೆಯ ಬಾಗಿಲಿಗೇ ಹೋಗಿ ನಿಂತ ಮೇಲೆ ಅವನ ಅಮಲು ಇಳಿದದ್ದು.

ನಮ್ಮಲ್ಲೂ ಅದೇ ಆಯ್ತು. 1996ರಲ್ಲಿ, ಸುಮಾಳ ಮದುವೆ. ನಿಮ್ಮ ದೊಡ್ಡಪ್ಪ ಗೊತ್ತಲ್ಲ, ಯಾರು ನಕ್ಕು ಮಾತಾಡಿದರೂ ನಂಬಿಬಿಡುತ್ತಾರೆ. ಅಡಿಗೆ ಕಂಟ್ರಾಕ್ಟರನ ಜೊತೆ ಎಲೆ ಲೆಕ್ಕದಲ್ಲಿ ಮಾತಾಡಿ, 15 ದಿನ ಮುಂಚೆಯೇ ಅಷ್ಟೂ ದುಡ್ಡು ಎಣಿಸಿಕೊಟ್ಟರು. ಆ ಮನುಷ್ಯ ಅವತ್ತೇ ಇನ್ನೊಂದು ಛತ್ರದ ಅಡಿಗೆಯನ್ನೂ ಒಪ್ಪಿಕೊಂಡಿದ್ದ. ನಮಗೆ ಕಳಿಸಿದ್ದು ಇಬ್ಬರು ಹುಡುಗರನ್ನು. ನಾನು ಒಳಗೆ ಹೋಗಿ ನೋಡಿದರೆ ಹೋಳಿಗೆಗೆ ಹೂರಣವೇ ರುಬ್ಬಿಲ್ಲ. ಬೆಂದ ಬೇಳೆ ನೀರಲ್ಲೇ ಕೂತಿದೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒರಳ ಮುಂದೆ ಕೂತೆ. ಧಾರೆಗೆ ಪುರೋಹಿತರು ಕೂಗಿದಾಗ ನನ್ನ ಮೊಣಕೈವರೆಗೂ ಹೂರಣ. ಮಗಳು ಮಣೆಯ ಮೇಲಿಂದ ನನ್ನನ್ನೇ ಹುಡುಕುತ್ತಿದ್ದಳು. ಅದಕ್ಕೇ ಹೇಳುತ್ತೇನೆ ಪುಟ್ಟಾ, ಪೂರ್ತಿ ದುಡ್ಡು ಮೊದಲೇ ಕೊಡಬೇಡ.

ಅವತ್ತು ಅಷ್ಟು ಜನ ನೆಂಟರಿದ್ದರು. ಒಬ್ಬರಾದರೂ ಸಾರಿನ ಬಕೆಟ್ ಹಿಡಿದರಾ? ಮೊದಲ ಪಂಕ್ತಿಯಲ್ಲೇ ಕೂತು, ಪಾಯಸ ಎರಡನೇ ಸಲ ಯಾಕೆ ಬರಲಿಲ್ಲ ಅಂದರು. ಇವತ್ತಿಗೂ ಆ ಮದುವೆ ಅಂದರೆ ಆ ಪಾಯಸದ ಮಾತೇ. ನಮ್ಮಮ್ಮನ ಕಾಲದಲ್ಲಿ ಹಿಂದಿನ ರಾತ್ರಿಯೇ ಅಕ್ಕಪಕ್ಕದವರು ಈಳಿಗೆಮಣೆ ತಗೊಂಡು ತರಕಾರಿ ಹೆಚ್ಚಲು ಬರುತ್ತಿದ್ದರು. ಈ ಗ್ರೂಪಿನಲ್ಲಿ 40 ಜನ ಇದ್ದೀರಿ. ಬೆಳಗಾದರೆ ಗುಡ್ ಮಾರ್ನಿಂಗ್ ಹೂವು ಕಳಿಸುತ್ತೀರಿ. ಈ ಹುಡುಗಿ ಕೇಳಿ ಎರಡು ದಿನ ಆಯ್ತು, ನಾನು ಬರುತ್ತೇನೆ ಅಂತ ಒಬ್ಬರೂ ಅನ್ನಲಿಲ್ಲ. ನನಗೆ ತುಂಬಾ ಬೇಜಾರಾಯ್ತು.

ಹಾಂ, ಮುಖ್ಯವಾದ್ದೇ ಬಿಟ್ಟೆ. ಕಾಲು ಭಾಗ ಅಡ್ವಾನ್ಸ್ ಕೊಡು. ಸಾಮಾನು ಬಂದು ಇಳಿದ ದಿನ ಇನ್ನಷ್ಟು. ಉಳಿದದ್ದು ಕೊನೆಯ ಪಂಕ್ತಿ ಎದ್ದ ಮೇಲೆ. ಅವತ್ತು ಬೇರೆ ಕಡೆಯೂ ಒಪ್ಪಿಕೊಂಡಿದ್ದಾರಾ ಕೇಳು. ಎಷ್ಟು ಜನ ಬರುತ್ತಾರೆ, ಮೊದಲ ಎಲೆ ಎಷ್ಟು ಗಂಟೆಗೆ, ಎಲ್ಲಾ ಬರೆಸಿಕೋ. ಎಚ್ಚೆತ್ತ ಮೇಲೆ ಸುಗ್ರೀವನೂ ಹಾಗೇ ಮಾಡಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ತಂಡ, ಒಂದೇ ತಿಂಗಳ ಗಡುವು. ಆದರೂ ರಾಮ ಉಂಗುರ ಕೊಟ್ಟಿದ್ದು ಹನುಮಂತನೊಬ್ಬನ ಕೈಗೆ. ಉಗ್ರಾಣದ ಬೀಗದ ಕೈಯೂ ಹಾಗೆ ಮನೆಯವರೊಬ್ಬರ ಹತ್ತಿರವೇ ಇರಲಿ. ನಾನೇ ಇಟ್ಟುಕೊಳ್ಳುತ್ತೇನೆ. ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸು.