ಡಿಸಿಷನ್ ಟ್ರೀಯ ಬೇರಿನಲ್ಲಿ ಪ್ರತಿ ಸಲವೂ ‘ಜಿಲ್ಲೆ’ಯೇ ಬರುತ್ತಿರುವುದೇಕೆ?

ಪ್ರಶ್ನೆ:
ನಮಸ್ಕಾರ. ಸಹಕಾರ ಸಂಸ್ಥೆಯೊಂದರ ಸುಮಾರು 600 ಸದಸ್ಯರನ್ನು, ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸಿದರೋ ಇಲ್ಲವೋ ಎಂಬುದರ ಮೇಲೆ ಗುಂಪುಗಳಾಗಿ ವಿಂಗಡಿಸುತ್ತಿದ್ದೇನೆ. ಜಿಲ್ಲೆ (31 ವರ್ಗಗಳು), ಮುಖ್ಯ ಬೆಳೆ, ನೀರಾವರಿಯ ಬಗೆ, ಎಲ್ಲವೂ ವರ್ಗೀಯ ದತ್ತಾಂಶವೇ. ಇದಕ್ಕೆ ಡಿಸಿಷನ್ ಟ್ರೀ, ಅಂದರೆ ಒಂದೊಂದು ಅಂಶದ ಮೇಲೂ ಕವಲೊಡೆಯುತ್ತ ಹೋಗುವ ಮಾದರಿಯನ್ನು, ಕಟ್ಟುತ್ತಿದ್ದೇನೆ. ಕವಲೊಡೆದಾಗ ಗುಂಪುಗಳು ಎಷ್ಟು ಶುದ್ಧವಾಗುತ್ತವೆ ಎಂದು ಹೇಳುವ ಇನ್ಫರ್ಮೇಷನ್ ಗೇನ್ ಅಳತೆ ಬಳಸಿದರೆ ಬೇರಿನಲ್ಲಿ (ಮೊದಲ ಕವಲಿನಲ್ಲಿ) ಜಿಲ್ಲೆಯೇ ಬಂದು ಕೂರುತ್ತದೆ. ಹಾಗೆ ಸಿಕ್ಕ ಗುಂಪುಗಳು ಮರುವರ್ಷದ ದತ್ತಾಂಶದಲ್ಲಿ ನಿಲ್ಲುವುದಿಲ್ಲ. ಮಳೆಯಾಶ್ರಿತ ಜಿಲ್ಲೆಗಳ ಕಷ್ಟ ಬೇರೆಯೇ ಆಗಿರುವುದರಿಂದ ಜಿಲ್ಲೆಯನ್ನು ಕೈಬಿಡಲೂ ಮನಸ್ಸಿಲ್ಲ. ಏನು ಮಾಡಬಹುದು?

ಉತ್ತರ 1:
ಇದು ಆ ಅಳತೆಗೇ ಅಂಟಿಕೊಂಡಿರುವ ಪಕ್ಷಪಾತ. ಕೊಡಗಿನಿಂದ ಆರೇ ಸದಸ್ಯರಿದ್ದು, ಆರೂ ಜನ ಸಾಲ ತೀರಿಸಿದ್ದಾರೆ ಎಂದುಕೊಳ್ಳಿ. ಅದು ಬರೀ ಆಕಸ್ಮಿಕವಾಗಿದ್ದರೂ ಅಳತೆಗೆ ಆ ಕವಲು ಅಪ್ಪಟ ಶುದ್ಧವಾಗಿ ಕಾಣುತ್ತದೆ. ಇಂತಹ 31 ಕವಲುಗಳ ಆಕಸ್ಮಿಕ ಲಾಭವೆಲ್ಲ ಕೂಡಿದಾಗ, ನಾಲ್ಕೇ ವರ್ಗಗಳಿರುವ ನೀರಾವರಿಯು ನಿಜವಾಗಿ ಮುಖ್ಯವಾಗಿದ್ದರೂ ಹಿಂದೆ ಬೀಳುತ್ತದೆ. ಜಿಲ್ಲೆಯ ಕಾಲಮ್ಮನ್ನು ಮಾತ್ರ ಮನಬಂದಂತೆ ಕಲಸಿ, ಮತ್ತೆ ಟ್ರೀ ಕಟ್ಟಿ ನೋಡಿ; ಆಗಲೂ ಬೇರಿನಲ್ಲಿ ಜಿಲ್ಲೆಯೇ ಬಂದರೆ ಅದು ಪಕ್ಷಪಾತದ ಗುರುತು. ಕ್ವಿನ್‌ಲನ್ ಅವರ ಗೇನ್ ರೇಶಿಯೋ (ಕವಲುಗಳು ಹೆಚ್ಚಿದ್ದಷ್ಟೂ ಗೇನನ್ನು ತಗ್ಗಿಸಿ ನೋಡುವ ಅಳತೆ) ಈ ಪಕ್ಷಪಾತವನ್ನು ತಗ್ಗಿಸುತ್ತದೆಯಾದರೂ ಪೂರ್ತಿ ನೀಗಿಸುವುದಿಲ್ಲ.

ಉತ್ತರ 2:
ಎರಡೆರಡೇ ಕವಲು ಒಡೆಯುವ ಕಾರ್ಟ್ ವಿಧಾನಕ್ಕೆ ಹೋದರೂ ತೊಂದರೆ ಉಳಿಯುತ್ತದೆ. 31 ಜಿಲ್ಲೆಗಳನ್ನು ಎರಡು ಪಾಲು ಮಾಡಲು 107 ಕೋಟಿಗೂ ಹೆಚ್ಚು ದಾರಿಗಳಿವೆ. ಫಲಿತಾಂಶ ಹೌದು–ಇಲ್ಲ ಎಂಬ ಎರಡೇ ಬಗೆಯದಾದಾಗ, ಜಿಲ್ಲೆಗಳನ್ನು ಮರುಪಾವತಿಯ ಪ್ರಮಾಣದಂತೆ ಸಾಲಾಗಿ ಜೋಡಿಸಿ 30 ಕಡೆ ಮಾತ್ರ ಕತ್ತರಿಸಿ ನೋಡಿದರೆ ಸಾಕೆಂದು ಬ್ರೈಮನ್ ಮತ್ತು ಸಂಗಡಿಗರು 1984ರಲ್ಲೇ ತೋರಿಸಿದ್ದಾರೆ. ಆದರೆ ಅದರಿಂದ ಉಳಿಯುವುದು ಸಮಯ ಮಾತ್ರ, ಪಕ್ಷಪಾತ ಹೋಗುವುದಿಲ್ಲ.

ನನ್ನ ಅನುಭವದಲ್ಲಿ ನಿಮ್ಮಂತಹ ದತ್ತಾಂಶಕ್ಕೆ, ಗಾರ್ಡನ್ ಕಾಸ್ 1980ರಲ್ಲಿ ಪ್ರಕಟಿಸಿದ, ಟ್ರೀ ಕಟ್ಟುವ ಇನ್ನೊಂದು ವಿಧಾನವಾದ ಚೈಡ್ ಹೆಚ್ಚು ಒಗ್ಗುತ್ತದೆ. ಅದು, ವರ್ಗಗಳ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಕೈ–ವರ್ಗ (ಕೈ-ಸ್ಕ್ವೇರ್) ಪರೀಕ್ಷೆಯಲ್ಲಿ, ವ್ಯತ್ಯಾಸ ಕಾಣದ ಜಿಲ್ಲೆಗಳನ್ನು ಮೊದಲು ಒಂದಾಗಿಸುತ್ತದೆ. ಬಳಿಕ, ಹಾಗೆ ಒಂದಾಗಿಸಲು ಎಷ್ಟು ದಾರಿಗಳಿದ್ದವೋ ಅದಕ್ಕೆ ತಕ್ಕಂತೆ ಬಾನ್‌ಫೆರೋನಿ ತಿದ್ದುಪಡಿಯಿಂದ (ಹಲವು ಸಲ ಪರೀಕ್ಷಿಸಿದ್ದಕ್ಕೆ ಮಾಡುವ ಸರಿಹೊಂದಿಕೆ) ಪಿ–ಮೌಲ್ಯವನ್ನು ಏರಿಸುತ್ತದೆ (ಇದು ಹೆಚ್ಚಿದ್ದಷ್ಟೂ ವ್ಯತ್ಯಾಸಕ್ಕೆ ಪುರಾವೆ ಕಡಿಮೆ), ಆದ್ದರಿಂದ ವರ್ಗಗಳು ಹೆಚ್ಚಿರುವುದೇ ಜಿಲ್ಲೆಗೆ ಅನುಕೂಲವಾಗದು. ಎಲೆಯೊಂದರಲ್ಲಿ (ಟ್ರೀಯ ಕೊನೆಯ ಗುಂಪಿನಲ್ಲಿ) ಕನಿಷ್ಠ 30 ಸದಸ್ಯರಾದರೂ ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಜಿಲ್ಲೆಯ ಕಾಲಮ್ಮನ್ನು ಹತ್ತು ಸಲ ಕಲಸಿ ನೋಡಿದೆ. ಏಳು ಸಲ ಬೇರಿನಲ್ಲಿ ಮತ್ತೆ ಜಿಲ್ಲೆಯೇ ಬಂತು. ಚೈಡ್‌ನಲ್ಲಿ ನೀರಾವರಿ ಮೇಲಕ್ಕೆ ಬಂದಿದೆ, ಜಿಲ್ಲೆಯು ಮಳೆಯಾಶ್ರಿತ ಕವಲಿನ ಕೆಳಗೆ ಮಾತ್ರ, ಎರಡು ಗುಂಪುಗಳಾಗಿ ಉಳಿದಿದೆ. ಇದನ್ನು ಮರುವರ್ಷದ ದತ್ತಾಂಶಕ್ಕೆ ಹಚ್ಚಿ, ಸಿಕ್ಕ ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.