ಸಹಾಯ ಬೇಕು: ಕಿಮ್ಚಿ ಚೀಸ್ ಡಿಪ್ ಎಣ್ಣೆ ಬಿಡ್ತಿದೆ

ಶನಿವಾರ ಮನೇಲಿ ಪಾರ್ಟಿ. ಕೊರಿಯನ್ ರುಚಿಯ ಬಿಸಿ ಚೀಸ್ ಡಿಪ್ ನಿನ್ನೆ ಒಂದ್ಸಲ ಮಾಡಿ ನೋಡಿದೆ. 200 ಗ್ರಾಂ ಕ್ರೀಮ್ ಚೀಸ್, ಅಷ್ಟೇ ಮೊಝರೆಲ್ಲಾ, ಒಂದು ಕಪ್ ಹೆಚ್ಚಿದ ಕಿಮ್ಚಿ (ಹುಳಿ ಬರಿಸಿದ ಎಲೆಕೋಸಿನ ಕೊರಿಯನ್ ಉಪ್ಪಿನಕಾಯಿ), ಒಂದು ದೊಡ್ಡ ಚಮಚ ಗೊಚುಜಾಂಗ್ (ಕೊರಿಯನ್ ಮೆಣಸಿನಕಾಯಿ ಪೇಸ್ಟ್). ಓವನ್‌ನಲ್ಲಿ 220 ಡಿಗ್ರಿ, 25 ನಿಮಿಷ. ಮೇಲೆಲ್ಲಾ ಎಣ್ಣೆ, ತಳದಲ್ಲಿ ನೀರು, ಆರಿದ್ಮೇಲೆ ಚೀಸ್ ರಬ್ಬರ್! ರುಚಿ ಮಾತ್ರ ಸಖತ್ತಾಗಿತ್ತು, ಅದಕ್ಕೇ ಬಿಡೋಕೆ ಮನಸ್ಸಿಲ್ಲ.

ಕಿಮ್ಚಿ ಹಿಂಡದೇ ಹಾಕಿದ್ದು ನನ್ನದೇ ತಪ್ಪು. ಈ ಸಲ ಹಿಂಡಿ, ಎಳ್ಳೆಣ್ಣೇಲಿ ಹುರಿದು ಸೇರಿಸ್ತೀನಿ. ಆದ್ರೆ ಎಣ್ಣೆ ಬಿಡೋದು ತಪ್ಪಿಸೋದು ಹೇಗೆ? ಶಾಖ 180ಕ್ಕೆ ಇಳಿಸಿದ್ರೆ ಸಾಕಾ, ಇಲ್ಲಾ ತುರಿದ ಚೀಸ್‌ಗೆ ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸ್ಬೇಕಾ? ಮಕ್ಕಳಿಗೆ ಖಾರ ತಗ್ಗಿಸೋಕೆ, ಕೊರಿಯಾದವರ ಕಾರ್ನ್ ಚೀಸ್ ಥರ ಸ್ವೀಟ್ ಕಾರ್ನ್, ಮೇಯನೇಸ್ ಹಾಕಿದ್ರೆ ನಡೆಯುತ್ತಾ? ಮಾಡಿ ಅನುಭವ ಇರೋರು ಹೇಳಿ ಪ್ಲೀಸ್.